ಇಲಿ ಕಡಿದ ಜಾಗ ಒಂದು, ಮುಚ್ಚಬೇಕಾದ ಜಾಗ ಇನ್ನೊಂದು

ವೈರಿನ ಸಿಪ್ಪೆ ಹರಿದಿದೆ, ಡಬ್ಬಿ ಮುಚ್ಚಳದ ಅಂಚಿನಲ್ಲಿ ಹಲ್ಲಿನ ಗೀರು, ಕಪಾಟಿನ ಮೂಲೆಯಲ್ಲಿ ಮರದ ಪುಡಿ. ಇದನ್ನು ಕಂಡ ಕೂಡಲೇ ಹೆಚ್ಚಿನವರು ಅಲ್ಲೇ ಒಂದು ಬೋನು ಇಡುತ್ತಾರೆ. ಒಂದೆರಡು ಇಲಿ ಬಿದ್ದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಕೆಲವೇ ವಾರಗಳಲ್ಲಿ ಮತ್ತೆ ಅದೇ ಕಾಟ. ಕಡಿದ ಜಾಗ ಇಲಿ ಓಡಾಡುವ ದಾರಿಯ ನಡುವೆ ಸಿಗುವ ಒಂದು ಗುರುತು, ಅಷ್ಟೇ. ಆ ದಾರಿ ಹೊರಗಿನಿಂದ ಮನೆಯೊಳಗೆ ಎಲ್ಲಿ ನುಗ್ಗುತ್ತದೆ ಎಂದು ಪತ್ತೆ ಹಚ್ಚಿ ಲೋಹ ಹಾಕಿ ಮುಚ್ಚುವ ತನಕ ಎಷ್ಟು ಇಲಿ ಹಿಡಿದರೂ ಹೊಸವು ಬರುತ್ತಲೇ ಇರುತ್ತವೆ.

ಲೋಹವೇ ಏಕೆ ಬೇಕು ಎನ್ನುವುದಕ್ಕೆ ಉತ್ತರ ಹಲ್ಲಿನಲ್ಲಿದೆ. ಇಲಿಯ ಬಾಚಿಹಲ್ಲು ಅದು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಹಲ್ಲಿನ ಮುಂಬದಿಗೆ ಮಾತ್ರ ಗಟ್ಟಿ ಎನಾಮಲ್ ಇದ್ದು, ಹಿಂಬದಿಯ ಡೆಂಟೀನ್ ಮೆದು. ಕಡಿದಾಗಲೆಲ್ಲ ಹಿಂಬದಿ ಬೇಗ ಸವೆದು, ಮುಂಬದಿಯ ಅಂಚು ಉಳಿಯ ಬಾಯಿಯಂತೆ ಹರಿತವಾಗಿಯೇ ಉಳಿಯುತ್ತದೆ. ಮರ, ಪ್ಲಾಸ್ಟಿಕ್, ರಬ್ಬರ್, ತೆಳು ಅಲ್ಯೂಮಿನಿಯಂ, ಇನ್ನೂ ಗಟ್ಟಿಯಾಗದ ಗಾರೆ ಎಲ್ಲವೂ ಈ ಹಲ್ಲಿಗೆ ಬಗ್ಗುತ್ತವೆ, ಉಕ್ಕು ಬಗ್ಗುವುದಿಲ್ಲ. ವೈರನ್ನು ಇಲಿ ರುಚಿಗಾಗಿ ಕಡಿಯುವುದಲ್ಲ. ಅದರ ದಾರಿಗುಂಟ ಹಾದುಹೋಗುವ, ಬಾಯಿಗೆ ಸರಿಯಾಗಿ ಹಿಡಿತ ಸಿಗುವ ವಸ್ತು ಅದು. ಹಾಗಾಗಿ ವೈರಿಗೆ ಕಹಿ ಲೇಪನ ಬಳಿದರೆ ಆ ವೈರು ಉಳಿದೀತು, ಪಕ್ಕದ ಪೈಪು ಉಳಿಯುವುದಿಲ್ಲ.

ಮೊದಲು ಬಂದಿರುವುದು ಯಾವುದು ಎಂದು ತಿಳಿಯಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹಿಕ್ಕೆ ನೋಡಿದರೆ ಸಾಕು. 3ರಿಂದ 6 ಮಿ.ಮೀ. ಉದ್ದ, ತುದಿ ಚೂಪು, ಅಲ್ಲಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಅದು ಚಿಟ್ಟಿಲಿ. ಸುಮಾರು 12 ಮಿ.ಮೀ. ಇದ್ದು ಎರಡೂ ತುದಿ ಚೂಪಾಗಿದ್ದರೆ ಸೂರಿನಲ್ಲಿ ಓಡಾಡುವ ಕಪ್ಪಿಲಿ. 18-20 ಮಿ.ಮೀ. ದಪ್ಪ ಹಿಕ್ಕೆ, ತುದಿ ಮೊಂಡಾಗಿದ್ದರೆ ಬಿಲ ತೋಡುವ, ಚರಂಡಿಯಿಂದ ಬರುವ ದೊಡ್ಡ ಇಲಿ. ಹೊಸ ಹಿಕ್ಕೆ ಮೆತ್ತಗೆ ಹೊಳೆಯುತ್ತದೆ, ಹಳೆಯದು ಒಣಗಿ ಪುಡಿಯಾಗುತ್ತದೆ. ಮರದ ಮೇಲಿನ ಕಡಿತವೂ ಹಾಗೆಯೇ: ಹೊಸತಾದರೆ ತಿಳಿ ಬಣ್ಣ, ದಿನ ಕಳೆದಂತೆ ಕಪ್ಪು. ಉದ್ದ ಮೂತಿಯ, ಕೆಟ್ಟ ವಾಸನೆಯ ಮೂಗಿಲಿ ಇಲಿಯ ಜಾತಿಯೇ ಅಲ್ಲ. ಅದು ಹುಳ ತಿಂದು ಬದುಕುತ್ತದೆ, ವೈರು ಕಡಿಯುವುದಿಲ್ಲ. ಅದನ್ನು ಕೊಂದರೆ ಮನೆಗೆ ನಷ್ಟವೇ.

ದಾರಿ ಹುಡುಕಲು ಗೋಡೆಯ ಬುಡ ನೋಡಿ. ಇಲಿ ಬಯಲಿನಲ್ಲಿ ಓಡಲು ಅಂಜುತ್ತದೆ, ಮೀಸೆ ಮತ್ತು ಮೈ ಗೋಡೆಗೆ ತಾಗಿಸಿಕೊಂಡೇ ಸಾಗುತ್ತದೆ. ದಿನವೂ ಅದೇ ದಾರಿಯಾದ್ದರಿಂದ ಮೈಯ ಜಿಡ್ಡು ಅಂಟಿ ಕಪ್ಪು ಪಟ್ಟೆ ಮೂಡಿರುತ್ತದೆ. ಪಟ್ಟೆ ಕಾಣದಿದ್ದರೆ ಅನುಮಾನವಿರುವ ಕಡೆ ಅಂಗೈಯಗಲ ಪೌಡರ್ ತೆಳ್ಳಗೆ ಉದುರಿಸಿ, ಬೆಳಿಗ್ಗೆ ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದು ನೋಡಿ. ಕಾಲ್ಗುರುತು, ನಡುವೆ ಬಾಲ ಎಳೆದ ಗೆರೆ ಸ್ಪಷ್ಟವಾಗಿ ಕಾಣುತ್ತವೆ. ಸಿಕ್ಕ ತೂತು ಈಗಲೂ ಬಳಕೆಯಲ್ಲಿದೆಯೇ ಎಂದು ತಿಳಿಯಲು ಉಂಡೆ ಮಾಡಿದ ಕಾಗದವನ್ನು ಸಡಿಲವಾಗಿ ತುರುಕಿಡಿ. ಎರಡು ಮೂರು ರಾತ್ರಿಯಲ್ಲಿ ಅದು ಹೊರಬಿದ್ದಿದ್ದರೆ ದಾರಿ ಜೀವಂತ. ರಾತ್ರಿ ಒಳಗೆ ದೀಪ ಹಾಕಿ ಹೊರಗೆ ಕತ್ತಲಲ್ಲಿ ನಿಂತರೆ ಬಾಗಿಲ ಕೆಳಗಿನ, ಕಿಟಕಿ ಚೌಕಟ್ಟಿನ ಸಂದುಗಳು ಬೆಳಕಿನ ಗೆರೆಯಾಗಿ ತಾವೇ ತೋರಿಸಿಕೊಳ್ಳುತ್ತವೆ.

ಅಳತೆ ನೆನಪಿರಲಿ. 6 ಮಿ.ಮೀ. ಸಂದು, ಅಂದರೆ ಪೆನ್ಸಿಲ್ ತೂರುವಷ್ಟು, ಚಿಟ್ಟಿಲಿಗೆ ಸಾಕು. ದೊಡ್ಡ ಜಾತಿಯ ಎಳೆಯ ಇಲಿಗೆ 12 ಮಿ.ಮೀ. ಸಾಕು. ತಲೆ ತೂರಿದರೆ ಮೈ ತೂರಿತು. ಆದ್ದರಿಂದ ಯಾವ ಇಲಿ ಬಂದಿದ್ದರೂ 6 ಮಿ.ಮೀ. ಕಣ್ಣಿನ ಜಾಲರಿಯನ್ನೇ ಬಳಸಿ. ತಂತಿ ಸುಮಾರು 1 ಮಿ.ಮೀ. ದಪ್ಪದ ಗ್ಯಾಲ್ವನೈಸ್ಡ್ ಉಕ್ಕಿನದಾಗಿರಲಿ. ಕಿಟಕಿಗೆ ಹಾಕುವ ಪ್ಲಾಸ್ಟಿಕ್ ಸೊಳ್ಳೆ ಪರದೆ ಇದಕ್ಕೆ ಬಾರದು, ಅದನ್ನು ಕಡಿಯುವುದು ಇಲಿಗೆ ಒಂದೇ ರಾತ್ರಿಯ ಕೆಲಸ.

ಪೈಪು ಗೋಡೆ ಹೊಕ್ಕುವ ಜಾಗವೇ ಎಲ್ಲಕ್ಕಿಂತ ದೊಡ್ಡ ಹೆಬ್ಬಾಗಿಲು. ಪೈಪು ಕೂರಿಸಲು ಅದಕ್ಕಿಂತ ದೊಡ್ಡ ತೂತು ಕೊರೆದು, ಸುತ್ತಲಿನ ಸಂದನ್ನು ಹಾಗೇ ಬಿಟ್ಟಿರುತ್ತಾರೆ. ಸಿಂಕಿನ ಕೆಳಗೆ, ಬಟ್ಟೆ ಒಗೆಯುವ ಯಂತ್ರದ ಹಿಂದೆ, ಏಸಿ ಕೊಳವೆ ಹೊರಹೋಗುವಲ್ಲಿ ಕೈ ಹಾಕಿ ತಡವಿ ನೋಡಿ. ಅಲ್ಲಿಗೆ ಉಬ್ಬಿ ಸಂದು ತುಂಬುವ ಫೋಮನ್ನು ಮಾತ್ರ ಸಿಂಪಡಿಸಿ ಬಿಟ್ಟರೆ ಇಲಿ ಅದನ್ನು ಸಲೀಸಾಗಿ ಕೊರೆದು ಹೋಗುತ್ತದೆ. ಫೋಮ್ ಗಾಳಿ ತಡೆಯುತ್ತದೆ, ಹಲ್ಲನ್ನಲ್ಲ. ಸ್ಟೇನ್‌ಲೆಸ್ ಸ್ಟೀಲ್ ನಾರು ಅಥವಾ ತಾಮ್ರದ ಜಾಲಿಯನ್ನು ಸ್ಕ್ರೂಡ್ರೈವರಿನಿಂದ ಒತ್ತೊತ್ತಿ, ಎಳೆದರೆ ಬಾರದಷ್ಟು ಬಿಗಿಯಾಗಿ ತುಂಬಬೇಕು. ಸಾಮಾನ್ಯ ಕಬ್ಬಿಣದ ನಾರು ತೇವ ತಾಗಿ ತುಕ್ಕು ಹಿಡಿದು ಉದುರಿಹೋಗುತ್ತದೆ, ಹಾಗಾಗಿ ನೀರಿನ ಪೈಪಿನ ಬಳಿ ಅದು ಬೇಡ. ನಾರಿನ ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಮೆತ್ತಿ, ಒಂದು ವಾರ ನೀರುಣಿಸಿ. ಗಾರೆ ಹಸಿಯಿರುವಾಗಲೇ ಇಲಿ ಕೆರೆದು ತೆಗೆದುಬಿಡುವುದುಂಟು. ಒಳಗೆ ಲೋಹದ ನಾರು ಇರಬೇಕು ಎನ್ನುವುದು ಅದಕ್ಕೇ. ಪೈಪು ಅಲುಗಾಡುವಂಥದ್ದಾದರೆ ಗಾರೆ ಬಿರಿಯುತ್ತದೆ, ಅಲ್ಲಿ ನಾರಿನ ಮೇಲೆ ಸಿಲಿಕೋನ್ ಸೀಲಂಟ್ ಸರಿ.

ಬಾಗಿಲ ಕೆಳಗಿನ ಸಂದು 6 ಮಿ.ಮೀ.ಗಿಂತ ಕಡಿಮೆ ಇರಬೇಕು. ರಬ್ಬರ್ ಪಟ್ಟಿಯೊಂದನ್ನೇ ಹಾಕಿದರೆ ಮೂಲೆಯಿಂದ ಕಡಿಯುತ್ತಾ ಬರುತ್ತದೆ. ಹೊರಬದಿಗೆ ಲೋಹದ ತಗಡು ಹೊಡೆದು, ರಬ್ಬರ್ ಅದರ ಹಿಂದೆ ಇರುವಂತೆ ಮಾಡಿ. ತಗಡು ಚೌಕಟ್ಟಿನ ಎರಡೂ ಮೂಲೆಗೆ ತಾಗುವಂತಿರಲಿ, ಏಕೆಂದರೆ ಇಲಿ ಶುರು ಮಾಡುವುದೇ ಮೂಲೆಯಿಂದ. ನೆಲದಲ್ಲಿ ನೀರು ಹೋಗುವ ಕಿಂಡಿಗಳ ಜಾಲರಿಗಳು ಸ್ಕ್ರೂ ಹಾಕಿ ಕೂರಬೇಕು. ಬರೀ ಇಟ್ಟ ಮುಚ್ಚಳವನ್ನು ದೊಡ್ಡ ಇಲಿ ಕೆಳಗಿನಿಂದ ಎತ್ತುತ್ತದೆ. ಸೂರಿನ ಕಡೆಯಿಂದ ಬರುವ ಕಪ್ಪಿಲಿಗೆ ಮರದ ಕೊಂಬೆಯೇ ಸೇತುವೆ. ಅದು ಒಂದು ಮೀಟರಿಗಿಂತ ಹೆಚ್ಚು ದೂರ ಹಾರಬಲ್ಲದು, ಹಾಗಾಗಿ ಕೊಂಬೆಗೂ ಸೂರಿಗೂ ಕನಿಷ್ಠ 2 ಮೀಟರ್ ಅಂತರ ಬರುವಂತೆ ಸವರಿ.

ಇನ್ನು ಕ್ರಮ. ಒಂದೇ ದಿನ ಎಲ್ಲ ತೂತು ಮುಚ್ಚಬೇಡಿ. ಒಳಗೆ ಉಳಿದ ಇಲಿ ಹೊರಬರಲು ಹೊಸ ಜಾಗ ಕಡಿಯುತ್ತದೆ, ಇಲ್ಲವೇ ಗೋಡೆಯೊಳಗೆ ಸಾಯುತ್ತದೆ. ಮುಖ್ಯ ದಾರಿಯೊಂದನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚಿ, ಆ ದಾರಿಗುಂಟ ಬೋನುಗಳನ್ನಿಡಿ. ಪೌಡರಿನ ಮೇಲೆ ಹೊಸ ಹೆಜ್ಜೆ ಒಂದು ವಾರ ಮೂಡದಿದ್ದರೆ ಕೊನೆಯ ಕಿಂಡಿ ಮುಚ್ಚಿ.

ಬೋನಿನ ವಿಷಯದಲ್ಲಿ ತಪ್ಪುವುದು ಜಾಗ ಮತ್ತು ಸಂಖ್ಯೆ. ಸ್ಪ್ರಿಂಗ್ ಬೋನು ಗೋಡೆಗೆ ಅಡ್ಡಲಾಗಿರಬೇಕು, ಆಹಾರವಿಡುವ ತುದಿ ಗೋಡೆಗೆ ತಾಗಿರಬೇಕು. ಕೋಣೆಯ ನಡುವೆ ಇಟ್ಟದ್ದು ವ್ಯರ್ಥ. ಚಿಟ್ಟಿಲಿ ತನ್ನ ಗೂಡಿನಿಂದ ಕೆಲವೇ ಮೀಟರ್ ಸುತ್ತಾಡುವುದರಿಂದ 2-3 ಮೀಟರಿಗೊಂದರಂತೆ ಹಲವು ಬೋನು ಬೇಕು. ದೊಡ್ಡ ಇಲಿಗೆ 5-6 ಮೀಟರಿಗೊಂದು ಸಾಕು. ಚಿಟ್ಟಿಲಿಗೆ ಹೊಸ ವಸ್ತುವೆಂದರೆ ಕುತೂಹಲ, ಮೊದಲ ರಾತ್ರಿಯೇ ಬಂದು ಮೂಸುತ್ತದೆ. ದೊಡ್ಡ ಇಲಿಗೆ ಹೊಸ ವಸ್ತುವೆಂದರೆ ಭಯ, ದಿನಗಟ್ಟಲೆ ದೂರವೇ ಉಳಿಯುತ್ತದೆ. ಆದ್ದರಿಂದ ಅದಕ್ಕೆ ಬೋನನ್ನು ಹೂಡದೆ, ಬರೀ ಆಹಾರ ಇಟ್ಟು, ಮೂರು ನಾಲ್ಕು ರಾತ್ರಿ ತಿನ್ನಲು ಬಿಡಿ. ಆಮೇಲೆ ಎಲ್ಲವನ್ನೂ ಒಂದೇ ರಾತ್ರಿ ಹೂಡಿ. ಆಹಾರ ಬಟಾಣಿ ಕಾಳಿನಷ್ಟೇ ಇರಲಿ, ಅರೆದ ಕಡಲೆಬೀಜದಂಥ ಅಂಟುವ ವಸ್ತುವಾಗಿರಲಿ. ಹೆಚ್ಚಿಟ್ಟರೆ ಅಂಚಿನಿಂದ ನೆಕ್ಕಿ ಹೋಗುತ್ತದೆ, ಸ್ಪ್ರಿಂಗ್ ಸಿಡಿಯುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಚಿಟ್ಟಿಲಿಗೆ ಹತ್ತಿಯ ನೂಲನ್ನು ಬಿಗಿಯಾಗಿ ಕಟ್ಟಿಟ್ಟರೂ ಎಳೆಯಲು ಬರುತ್ತದೆ. ಅಂಟಿನ ಹಲಗೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ, ಹಲ್ಲಿ, ಹಕ್ಕಿಗಳೂ ಸಿಕ್ಕಿಬೀಳುತ್ತವೆ.

ವಿಷದ ಬಗ್ಗೆಯೂ ನನ್ನ ಅಭಿಪ್ರಾಯ ಖಚಿತ: ಮನೆಯೊಳಗೆ ಬೇಡ. ಬ್ರೋಮಡಿಯೊಲೋನ್‌ನಂಥ ವಿಷಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ತಿಂದ ಇಲಿ ಸಾಯುವುದು ಹಲವು ದಿನಗಳ ಮೇಲೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ಫಾಲ್ಸ್ ಸೀಲಿಂಗಿನ ಮೇಲೆ ಸತ್ತರೆ ವಾರಗಟ್ಟಲೆ ನಾತ. ಅಂಥ ಇಲಿಯನ್ನು ತಿಂದ ಬೆಕ್ಕು, ಗೂಬೆಗಳಿಗೂ ವಿಷ ಏರುತ್ತದೆ. ಸಾಕುಪ್ರಾಣಿ ವಿಷ ತಿಂದಿದ್ದರೆ ಲಕ್ಷಣ ಕಾಣುವವರೆಗೆ ಕಾಯದೆ ಪೊಟ್ಟಣದ ಸಮೇತ ಪಶುವೈದ್ಯರ ಬಳಿ ಓಡಿ. ಈ ಗುಂಪಿನ ವಿಷಕ್ಕೆ ವಿಟಮಿನ್ ಕೆ1 ಮದ್ದಿದೆ. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಇಲಿ ವಿಷಕ್ಕೆ ಅಂಥ ಮದ್ದಿಲ್ಲ, ಅದು ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ.

ಇಲಿ ಓಡಿಸಲೆಂದು ನಮಗೆ ಕೇಳದ ಶಬ್ದ ಹೊರಡಿಸುವ ಯಂತ್ರಗಳಿಗೆ ಹಣ ಹಾಕಬೇಡಿ. ಆ ಶಬ್ದ ಗೋಡೆ, ಪೀಠೋಪಕರಣ ದಾಟುವುದಿಲ್ಲ, ಇಲಿಗಳೂ ಅದಕ್ಕೆ ಬೇಗ ಒಗ್ಗಿಕೊಳ್ಳುತ್ತವೆ. ನ್ಯಾಫ್ತಲೀನ್ ಗುಳಿಗೆ ಇಲಿಗಿಂತ ಮನೆಯ ಮಕ್ಕಳಿಗೆ ಹೆಚ್ಚು ಅಪಾಯ.

ಕಡಿದ ವೈರು ಸಿಕ್ಕರೆ ಮೊದಲು ಮೇನ್ ಸ್ವಿಚ್ ಆರಿಸಿ. ಟೇಪು ಸುತ್ತಿ ಬಿಡುವುದು ಸಾಲದು. ಒಂದು ಕಡೆ ಕಂಡಿದೆ ಎಂದರೆ ಕಾಣದ ಕಡೆಯೂ ಕಡಿದಿರಬಹುದು. ಬರಿಯಾದ ತಂತಿಗಳ ನಡುವೆ ಕಿಡಿ ಹಾರಿ, ಪಕ್ಕದಲ್ಲೇ ಗೂಡಿಗೆಂದು ತಂದಿಟ್ಟ ಒಣ ಚೂರುಗಳಿಗೆ ಬೆಂಕಿ ಹತ್ತಬಹುದು. ಆ ಉದ್ದದ ವೈರನ್ನೇ ಬದಲಿಸಬೇಕು, ಹೊಸತನ್ನು ಗಟ್ಟಿ ಕೊಳವೆಯೊಳಗೆ ಎಳೆಯಬೇಕು. ವಿದ್ಯುತ್ ಸೋರಿದರೆ ತಾನೇ ಕರೆಂಟ್ ಕಡಿಯುವ 30 ಮಿಲಿಆಂಪಿಯರ್‌ನ ಸ್ವಿಚ್ (ಆರ್‌ಸಿಸಿಬಿ) ಕಾರಣವಿಲ್ಲದೆ ಬೀಳುತ್ತಿದೆ ಎನಿಸಿದರೆ ಇಲಿ ಕಡಿದ ವೈರನ್ನೂ ಅನುಮಾನಿಸಿ. ಅಡುಗೆ ಅನಿಲದ ರಬ್ಬರ್ ಕೊಳವೆಯ ಮೇಲೆ ಒಂದೇ ಒಂದು ಹಲ್ಲಿನ ಗುರುತಿದ್ದರೂ ಅದನ್ನು ಅಂದೇ ಬದಲಿಸಿ, ಉಕ್ಕಿನ ಹೆಣಿಗೆಯ ಹೊದಿಕೆಯಿರುವುದನ್ನು ಹಾಕಿಸಿ. ಜೋಡಣೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಿ. ಕಾರು, ಸ್ಕೂಟರು ದಿನಗಟ್ಟಲೆ ನಿಂತಿದ್ದರೆ ಏರ್ ಫಿಲ್ಟರಿನ ಡಬ್ಬಿ ತೆರೆದು ನೋಡುವುದನ್ನು ಮರೆಯಬೇಡಿ, ಗೂಡಿಗೆ ಇಲಿ ಆರಿಸಿಕೊಳ್ಳುವ ಜಾಗಗಳಲ್ಲಿ ಅದೂ ಒಂದು.

ಹಿಕ್ಕೆಯನ್ನು ಒಣಗಿರುವಾಗ ಗುಡಿಸುವುದು ಬೇಡ, ವ್ಯಾಕ್ಯೂಮ್ ಹಾಕುವುದಂತೂ ಬೇಡವೇ ಬೇಡ. ಧೂಳಿನೊಂದಿಗೆ ರೋಗಾಣು ಶ್ವಾಸಕ್ಕೆ ಹೋಗುತ್ತದೆ. ಅರ್ಧ ಗಂಟೆ ಕಿಟಕಿ ಬಾಗಿಲು ತೆರೆದಿಟ್ಟು, ಕೈಗವಸು ಹಾಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಯುವಂತೆ ಸಿಂಪಡಿಸಿ. ಐದು ನಿಮಿಷ ಬಿಟ್ಟು ಕಾಗದದಿಂದ ಒರೆಸಿ, ಎರಡು ಚೀಲ ಹಾಕಿ ಕಟ್ಟಿ ಎಸೆಯಿರಿ. ಬ್ಲೀಚಿನೊಂದಿಗೆ ಆಮ್ಲ ಅಥವಾ ಅಮೋನಿಯಾ ಇರುವ ಯಾವ ಕ್ಲೀನರನ್ನೂ ಬೆರೆಸಬಾರದು. ಒರೆಸಿದ ಜಾಗಕ್ಕೆ ಮತ್ತೆ ತೆಳ್ಳಗೆ ಪೌಡರ್ ಉದುರಿಸಿಡಿ. ಕೊನೆಯ ಕಿಂಡಿ ಮುಚ್ಚಿದ ಮೇಲೂ ಎರಡು ವಾರ ದಿನಾ ಬೆಳಿಗ್ಗೆ ಅದನ್ನು ನೋಡಬೇಕು, ಹೆಜ್ಜೆ ಕಂಡರೆ ಅದು ಬಂದ ದಿಕ್ಕಿನಲ್ಲೇ ಇನ್ನೊಂದು ಸಂದು ಹುಡುಕಬೇಕು.