ಕಫದ ಡಬ್ಬಿ ಕಲಿಸಿದ್ದು

ಲ್ಯಾಬ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೊಂದು ಹುಚ್ಚಿತ್ತು. ಸ್ಯಾಂಪಲ್‌ನಲ್ಲಿರುವ ಬ್ಯಾಕ್ಟೀರಿಯಾ ಬೆಳೆಸುವ ಕಲ್ಚರ್ ಪ್ಲೇಟ್ ಮೇಲೆ ಏನಾದರೂ ಬೆಳೆದಿದ್ದರೆ ಸಾಕು, ಅದರ ಹೆಸರು ಪತ್ತೆ ಹಚ್ಚಿ ರಿಪೋರ್ಟ್ ಬರೆಯಬೇಕು. ಬೆಳೆಯದಿದ್ದರೆ ಬೇಜಾರು.

ಒಂದು ಸಲ ಕೆಮ್ಮಿನ ರೋಗಿಯೊಬ್ಬರ ಕಫದಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಿತು. ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಅನ್ನುವ ಪಟ್ಟಿ ಸಮೇತ ರಿಪೋರ್ಟ್ ತಯಾರು. ಸಹಿಗೆ ಕೊಟ್ಟರೆ ಮೇಡಂ ಅದನ್ನು ಓದಲೇ ಇಲ್ಲ. "ಮೊದಲು ಸ್ಲೈಡ್ ತೋರಿಸು" ಅಂದರು.

ಅದೇ ಕಫ ಸವರಿದ ಗಾಜಿನ ಸ್ಲೈಡನ್ನು ನಾನು ಸುಮ್ನೆ ಕಣ್ಣಾಡಿಸಿ ಬಿಟ್ಟಿದ್ದೆ. ಈಗ ಮೈಕ್ರೋಸ್ಕೋಪ್‌ಗೆ 10ಎಕ್ಸ್ ಲೆನ್ಸ್ ಹಾಕಿ ಕೂತೆ. ಹರಿದ ಕಾಗದದ ಚೂರಿನಂಥ ಅಗಲ ಅಗಲ ಸೆಲ್‌ಗಳು, ನಡುವೆ ಒಂದೊಂದು ಚುಕ್ಕೆ. ಬಾಯಿಯ ಒಳಚರ್ಮದಿಂದ ಉದುರಿದ ಎಪಿತೀಲಿಯಲ್ ಸೆಲ್‌ಗಳವು. ಒಂದು ಫೀಲ್ಡ್‌ನಲ್ಲಿ, ಅಂದರೆ ಲೆನ್ಸಿನಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗದಲ್ಲಿ, 10ಕ್ಕಿಂತ ಜಾಸ್ತಿ ಇದ್ದರೆ ಸ್ಯಾಂಪಲ್ ವಾಪಸ್ ಕಳಿಸಬೇಕು. 30ರ ತನಕ ಎಣಿಸಿ ಬಿಟ್ಟುಬಿಟ್ಟೆ. ಪಸ್ ಸೆಲ್ (ಕೀವಿನಲ್ಲಿರುವ ಬಿಳಿ ರಕ್ತಕಣ) ಹುಡುಕಿದರೂ ಇಲ್ಲ. ಡಬ್ಬಿಯಲ್ಲಿ ಇದ್ದದ್ದು ಕಫವೇ ಅಲ್ಲ, ಎಂಜಲು. ಆ ಕ್ಲೆಬ್ಸಿಯೆಲ್ಲಾ ಗಂಟಲಲ್ಲಿ ಯಾರಿಗೂ ತೊಂದರೆ ಕೊಡದೆ ಬಾಡಿಗೆಗಿದ್ದ ಗಿರಾಕಿ.

"ದೊಡ್ಡವರ ಕೆಮ್ಮು, ಗಂಟಲು ನೋವಿಗೆಲ್ಲ ಬ್ಯಾಕ್ಟೀರಿಯಾನೇ ಕಾರಣ ಅಂದುಕೊಂಡಿದ್ದೀಯಾ?" ಅಂದರು ಮೇಡಂ. ಅರ್ಧಕ್ಕರ್ಧ ಇರಬಹುದು ಅಂದೆ. ನಕ್ಕುಬಿಟ್ಟರು.

ನೆಗಡಿ ವೈರಸ್ಸಿನದೇ. ಅಕ್ಯೂಟ್ ಬ್ರಾಂಕೈಟಿಸ್‌ನಲ್ಲೂ (ಶ್ವಾಸನಾಳ ಊದಿ ಬರುವ ಕೆಮ್ಮು) 100ಕ್ಕೆ 90ಕ್ಕಿಂತ ಜಾಸ್ತಿ ವೈರಸ್. ಗಂಟಲು ನೋವಿಗೆ ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾ ಕಾರಣವಾಗುವುದು ಮಕ್ಕಳಲ್ಲಿ 100ಕ್ಕೆ 20ರಿಂದ 30, ದೊಡ್ಡವರಲ್ಲಿ ಬರೀ 5ರಿಂದ 15. ನ್ಯುಮೋನಿಯಾ ಆದರೆ ಖಂಡಿತ ಬ್ಯಾಕ್ಟೀರಿಯಾ ಅಂತ ನಂಬಿದ್ದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಸುಮಾರು 2,300 ವಯಸ್ಕರನ್ನು ಪರೀಕ್ಷಿಸಿದ್ದರು. ಬರೀ ವೈರಸ್ ಸಿಕ್ಕಿದ್ದು 100ಕ್ಕೆ 20ಕ್ಕೂ ಮೇಲೆ, ಬರೀ ಬ್ಯಾಕ್ಟೀರಿಯಾ 11. 100ಕ್ಕೆ 62 ಜನರಲ್ಲಿ ಏನೂ ಸಿಗಲಿಲ್ಲ!

ಸಿಗಲಿಲ್ಲ ಅಂದರೆ ಇರಲಿಲ್ಲ ಅಂತ ಅಲ್ಲ, ಇದು ನಮ್ಮ ಕೆಲಸದ ತಲೆನೋವು. ರೋಗಿ ಆಗಲೇ ಮಾತ್ರೆ ನುಂಗಿ ಬಂದಿದ್ದರೆ ಪ್ಲೇಟ್ ಖಾಲಿ ಇರಬಹುದು. ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾಗೆ ಸೆಲ್ ವಾಲ್ (ಹೊರಗೋಡೆ) ಇಲ್ಲ, ಹಾಗಾಗಿ ಸ್ಲೈಡಿಗೆ ಬಣ್ಣ ಹಾಕಿ ನೋಡುವ ಗ್ರಾಮ್ ಸ್ಟೇನ್‌ನಲ್ಲಿ ಕಾಣುವುದೇ ಇಲ್ಲ. ಆ ಗೋಡೆಗೇ ಹೊಡೆಯುವ ಪೆನಿಸಿಲಿನ್‌ಗೂ ಬಗ್ಗುವುದಿಲ್ಲ. ಅದಕ್ಕೇ ನ್ಯುಮೋನಿಯಾದಲ್ಲಿ ಡಾಕ್ಟರು ನಮ್ಮ ರಿಪೋರ್ಟ್‌ಗೆ ಕಾಯದೆ ಔಷಧಿ ಶುರು ಮಾಡುತ್ತಾರೆ.

ಈಗ ಡಬ್ಬಿ ಕೊಡುವಾಗ ನಾನೇ ಹೇಳುತ್ತೇನೆ: ಬಾಯಿ ಮುಕ್ಕಳಿಸಿ, ಎದೆಯ ಆಳದಿಂದ ಕೆಮ್ಮಿ ಉಗುಳಿ. "ಹಸಿರಾಗಿದೆ, ಇನ್‌ಫೆಕ್ಷನ್ ಅಲ್ವಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಆ ಹಸಿರು ನಮ್ಮದೇ ಬಿಳಿ ರಕ್ತಕಣಗಳ ಬಣ್ಣ. ವೈರಸ್ ಬಂದಾಗಲೂ ಬರುತ್ತದೆ.