ಹರಿಗೋಲೋ, ದಡವೋ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ರಜೆಯ ದಿನ ಬಂತೆಂದರೆ ನಾನು ಗಾಳ ಹಿಡಿದುಕೊಂಡು ತುಂಗಭದ್ರಾ ಹಿನ್ನೀರಿನ ಕಡೆ ಹೊರಡುವವನೆಂಬುದು ಕೊಪ್ಪಳದಲ್ಲಿ ನನ್ನ ಪರಿಚಯದವರಿಗೆಲ್ಲ ಗೊತ್ತಿರುವ ಸಂಗತಿ. ಹೀಗಾಗಿ ಮದುವೆಯ ಪಂಕ್ತಿಯಲ್ಲಿ ಕುಳಿತಾಗಲೂ, ಬಸ್ಸಿಗಾಗಿ ಕಾಯುವಾಗಲೂ ಒಂದೇ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ: “ಹರಿಗೋಲು ಏರಿ ಒಳಗೆ ಹೋದರೆ ಮೀನು ಹೆಚ್ಚು ಸಿಗುತ್ತವೆಯೋ, ದಡದಲ್ಲಿ ಕುಳಿತರೆ ಹೆಚ್ಚು ಸಿಗುತ್ತವೆಯೋ?” ಕೇಳುವವರಲ್ಲಿ ಬಹುತೇಕರು ಉತ್ತರ ಹರಿಗೋಲೇ ಎಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ನೀರಿನ ನಡುವೆ ಇರುವವನಿಗೆ ಮೀನು ಹತ್ತಿರ, ದಡದಲ್ಲಿರುವವನಿಗೆ ದೂರ ಎಂಬುದು ಅವರ ಲೆಕ್ಕ. ಈ ಲೆಕ್ಕ ವರ್ಷದ ಕೆಲವು ತಿಂಗಳು ಮಾತ್ರ ಸರಿ. ನನ್ನ ಉತ್ತರ ಇಷ್ಟು: ನೀರು ಏರುತ್ತಿರುವಾಗ ದಡ, ನೀರು ಇಳಿದು ನಿಂತಾಗ ಹರಿಗೋಲು. ಅದಕ್ಕೆ ಕಾರಣಗಳನ್ನು ಪಂಕ್ತಿಯಲ್ಲಿ ಕುಳಿತು ಹೇಳಿ ಮುಗಿಸಲಾಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಜಲಾಶಯದ ಸ್ವಭಾವವನ್ನು ತಿಳಿಯಬೇಕು. 1,633 ಅಡಿಯ ಪೂರ್ಣ ಮಟ್ಟಕ್ಕೆ ತುಂಬಿದಾಗ ತುಂಗಭದ್ರೆಯ ನೀರು ಸುಮಾರು 378 ಚದರ ಕಿಲೋಮೀಟರ್ ನೆಲವನ್ನು ಆವರಿಸುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಈ ಜಲಾಶಯ ಹೂಳಿನಿಂದಾಗಿ ಈಗ 105 ಟಿಎಂಸಿ ಅಡಿಯ ಆಸುಪಾಸಿಗೆ ಇಳಿದಿದೆ. ಇದು ಕಡಿದಾದ ಬೆಟ್ಟಗಳ ನಡುವೆ ನಿಂತ ಆಳವಾದ ಮಡು ಅಲ್ಲ. ಬಯಲಿನ ಮೇಲೆ ಹರಡಿಕೊಂಡ ನೀರು. ದಂಡೆಯ ಇಳಿಜಾರು ಎಷ್ಟು ಕಡಿಮೆಯೆಂದರೆ ಮಟ್ಟ ಒಂದೆರಡು ಅಡಿ ಇಳಿದರೂ ನೀರಿನ ಅಂಚು ಬಹುದೂರ ಹಿಂದೆ ಸರಿದುಬಿಡುತ್ತದೆ. ಎಡದಂಡೆ, ಬಲದಂಡೆ ಕಾಲುವೆಗಳಿಗೆ ನೀರು ಹರಿದು ಬೇಸಿಗೆಯ ಹೊತ್ತಿಗೆ ಜಲಾಶಯ ಬರಿದಾಗತೊಡಗಿದಾಗ ಎರೆಮಣ್ಣಿನ ಬಯಲು ಮೈದೋರುತ್ತದೆ, ಹುಲ್ಲು ಚಿಗುರುತ್ತದೆ, ಕುರಿಗಳು ಮೇಯುತ್ತವೆ, ಕೆಲವೆಡೆ ರೈತರು ಬಿತ್ತನೆಯನ್ನೂ ಮಾಡುತ್ತಾರೆ. ಆಮೇಲೆ ಮಳೆಗಾಲದಲ್ಲಿ ಅದೇ ನೆಲ ಮತ್ತೆ ಮುಳುಗುತ್ತದೆ.

ಮೀನಿನ ವಿಷಯದಲ್ಲಿ ಎಲ್ಲವೂ ನಿಂತಿರುವುದು ಈ ಮುಳುಗುವ ನೆಲದ ಮೇಲೆ. ಒಣಗಿದ್ದ ಹುಲ್ಲುಗಾವಲಿನ ಮೇಲೆ ನೀರು ಏರಿದಾಗ ಎರೆಹುಳು, ಇರುವೆ, ಮಿಡತೆ, ಹುಳಹುಪ್ಪಟೆ, ಗೊಬ್ಬರ, ಉದುರಿದ ಕಾಳು, ಹೀಗೆ ನೆಲದ ಮೇಲಿದ್ದ ಆಹಾರವೆಲ್ಲ ಒಮ್ಮೆಗೇ ಮೀನಿಗೆ ದೊರೆಯುತ್ತದೆ, ಮತ್ತು ಅದು ದೊರೆಯುವುದು ಅಂಚಿನಲ್ಲಿಯೇ. ಮೊಣಕಾಲುದ್ದದ ನೀರಿನಲ್ಲಿ ಸಾಮಾನ್ಯ ಗೆಂಡೆ ಮಣ್ಣು ಕೆದಕುತ್ತ ಬರುವುದನ್ನು, ಅದರ ಬೆನ್ನಿನ ಈಜುರೆಕ್ಕೆ ನೀರಿನಿಂದ ಮೇಲೆ ಕಾಣುವುದನ್ನು ನಾನು ಬೆಳಗಿನ ಜಾವದಲ್ಲಿ ಎಷ್ಟೋ ಬಾರಿ ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ಹರಿಗೋಲು ಏರಿ ನಡುನೀರಿಗೆ ಹೋದವನು ಮೀನನ್ನು ಬೆನ್ನ ಹಿಂದೆ ಬಿಟ್ಟು ಹೋದಂತೆ. ಆದರೆ ಜೂನ್, ಜುಲೈ ತಿಂಗಳ ಮೊದಲ ಹೊಸನೀರು ಮೀನು ಮೊಟ್ಟೆಯಿಡುವ ಕಾಲವೂ ಹೌದು. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನನ್ನು ಎತ್ತುವುದು ನನ್ನಿಂದಾಗದು. ಆ ಎರಡು ತಿಂಗಳು ನನ್ನ ಗಾಳದ ಕೋಲು ಮನೆಯ ಅಟ್ಟದ ಮೇಲೆಯೇ ಇರುತ್ತದೆ. ನಾನು ದಡಕ್ಕೆ ಹೋಗತೊಡಗುವುದು ಮಘೆ, ಹುಬ್ಬೆ ಮಳೆಗಳ ಹೊತ್ತಿಗೆ, ಜಲಾಶಯ ತುಂಬುತ್ತ ಬಂದಾಗ.

ಯಾವ ಮೀನು ಎಂಬುದನ್ನೂ ಕೇಳಿಕೊಳ್ಳಬೇಕು. ಕಾಟ್ಲಾ ಮೇಲುನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುವ ಮೀನು, ಅದರ ಬಾಯಿ ಮೇಲ್ಮುಖವಾಗಿದೆ. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಗೆಂಡೆಗೂ ಮೃಗಾಲ್‌ಗೂ ದಡವೇ ಸಾಕು; ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಕಲಸಿ ಕಟ್ಟಿದ ಉಂಡೆಯನ್ನು ತಳಕ್ಕೆ ಬಿಟ್ಟರೆ ಅವು ತಾವಾಗಿಯೇ ಬರುತ್ತವೆ. ಕಳೆ ಬೆಳೆದ ಅಂಚಿನಲ್ಲಿ ಅಡಗಿ, ಆಗಾಗ ಮೇಲೆ ಬಂದು ಗಾಳಿ ನುಂಗುವ ಕೊರವ ಮೀನಿಗೂ ದಡವೇ ತಕ್ಕದ್ದು. ಆಳದ ಮಡುವಿನಲ್ಲಿರುವ ದೊಡ್ಡ ಬಾಳೆ ಮೀನಿಗೆ ಮಾತ್ರ ಹರಿಗೋಲು ಬೇಕು.

ದಡದವನು ಕಲಿಯಬೇಕಾದ ಇನ್ನೊಂದು ವಿದ್ಯೆ ಗಾಳಿಯದು. ಗಾಳಿ ಮೇಲುನೀರನ್ನೂ ಅದರಲ್ಲಿ ತೇಲುವ ಆಹಾರವನ್ನೂ ತಳ್ಳಿಕೊಂಡು ಹೋಗಿ ಎದುರಿನ ದಂಡೆಗೆ ಕೂಡಿಹಾಕುತ್ತದೆ. ಆದುದರಿಂದ ಗಾಳಿ ಬಂದು ಬಡಿಯುವ, ನೀರು ಕದಡಿ ಕೆಂಪಾಗಿರುವ ದಂಡೆಯೇ ಮೀನಿನ ದಂಡೆ. ಮುಖಕ್ಕೆ ಗಾಳಿ ಹೊಡೆಯುವಾಗ ಗಾಳ ಎಸೆಯುವುದು ಕಷ್ಟ, ದಾರ ಹಿಂದಕ್ಕೆ ಬರುತ್ತದೆ. ಹಾಗಾಗಿ ಹೊಸಬರು ಗಾಳಿಗೆ ಬೆನ್ನು ಮಾಡಿ ತಿಳಿನೀರಿನ ಕಡೆ ಆರಾಮವಾಗಿ ಕುಳಿತುಕೊಳ್ಳುತ್ತಾರೆ ಮತ್ತು ಸಂಜೆ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಗಾಳಿಯಿರುವ ದಂಡೆಯಲ್ಲಿ ದೂರ ಎಸೆಯುವ ಅಗತ್ಯವೇ ಇಲ್ಲ. ಇಪ್ಪತ್ತು ಮೂವತ್ತು ಅಡಿ ಸಾಕು.

ಬೇಸಿಗೆಯ ಮಾತು ಬೇರೆ. ಮಾರ್ಚ್ ಕಳೆಯುತ್ತಿದ್ದಂತೆ ನೀರಿನ ಅಂಚು ಬರಿ ಕೆಸರಾಗುತ್ತದೆ, ಅಲ್ಲಿ ಹುಲ್ಲಿಲ್ಲ, ಹುಳವಿಲ್ಲ, ನೀರು ಬಿಸಿ. ಮೀನು ಹಳೆಯ ನದಿಯ ಪಾತ್ರದ ಆಳಕ್ಕೆ ಸರಿಯುತ್ತದೆ. ಮುಳುಗಿದ ಊರುಗಳ ಗೋಡೆಗಳು, ಬಾವಿಗಳು, ಮರದ ಬೊಡ್ಡೆಗಳು ಇರುವಲ್ಲಿ ಗುಂಪುಗೂಡುತ್ತದೆ. ದಡದಿಂದ ಅಲ್ಲಿಗೆ ಗಾಳ ಮುಟ್ಟುವುದಿಲ್ಲ, ಕೆಸರಿನಲ್ಲಿ ಮೊಣಕಾಲವರೆಗೆ ಹೂತು ನಿಂತು ಪ್ರಯತ್ನಿಸುವುದು ಅಪಾಯ. ಆಗ ಹರಿಗೋಲಿಗೆ ಸಮನಾದದ್ದು ಯಾವುದೂ ಇಲ್ಲ.

ಹರಿಗೋಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ‘ದೋಣಿ’ ಎಂದಾಗ ಜನರ ಕಣ್ಣಿಗೆ ಬರುವುದು ಉದ್ದನೆಯ, ಮೂತಿಯಿರುವ ದೋಣಿ. ನಮ್ಮದು ಬಿದಿರಿನ ದುಂಡು ಬುಟ್ಟಿ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಆನೆಗೊಂದಿಯ ಹತ್ತಿರ ಇವನ್ನು ಕಂಡು, ಹೊರಗೆ ಚರ್ಮ ಹೊದಿಸಿದ ಬುಟ್ಟಿಯಂಥ ಈ ದೋಣಿಗಳು ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುತ್ತವೆ ಎಂದು ಬರೆದಿದ್ದಾನೆ. ಚರ್ಮದ ಜಾಗದಲ್ಲಿ ಇಂದು ಡಾಂಬರು ಬಳಿದ ಪ್ಲಾಸ್ಟಿಕ್ ತಾಡಪತ್ರಿಯೋ ಫೈಬರೋ ಇದೆ. ಸುತ್ತುವುದು ಮಾತ್ರ ಹಾಗೆಯೇ ಉಳಿದಿದೆ. ಗಾಳ ಹಾಕುವವನಿಗೆ ಈ ಸುತ್ತು ಒಂದು ತೊಡಕು: ಎರಡು ಕೋಲು ಇಟ್ಟುಕೊಂಡರೆ ದಾರಗಳು ಹೊಸೆದುಕೊಳ್ಳುತ್ತವೆ. ಆದ್ದರಿಂದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನಿಲ್ಲಿಸಬೇಕು, ಒಂದೇ ಗಾಳ ಹಾಕಬೇಕು, ಎದ್ದು ನಿಲ್ಲಬಾರದು, ಬುಟ್ಟಿಯ ತಳಕ್ಕೆ ಹುಟ್ಟು ತಗಲಿಸಿ ಸದ್ದು ಮಾಡಬಾರದು. ಆ ಸದ್ದು ನೀರಿನೊಳಗೆ ಬಹುದೂರ ಹೋಗುತ್ತದೆ.

ಆದರೆ ಹರಿಗೋಲಿಗೆ ದಡಕ್ಕಿಲ್ಲದ ಒಂದು ಗುಣವಿದೆ, ಅದನ್ನು ನಾನು ಅರಿತದ್ದು ತೀರ ತಡವಾಗಿ. ದಡದಲ್ಲಿ ನಿಂತವನ ಕಾಲು ನೆಲಕ್ಕೆ ಊರಿರುತ್ತದೆ. ದೊಡ್ಡ ಮೀನು ಎಳೆದಾಗ ಆ ಸೆಳೆತವನ್ನೆಲ್ಲ ದಾರವೇ ತಡೆಯಬೇಕು, ಕೈ ಒಂದು ಕ್ಷಣ ಬಿಗಿಯಾದರೂ ಅದು ಕಡಿದುಹೋಗುತ್ತದೆ. ಹರಿಗೋಲಿನಲ್ಲಿ ಕಲ್ಲನ್ನು ಮೇಲೆತ್ತಿಕೊಂಡರೆ ಮೀನು ಎಳೆದತ್ತ ಬುಟ್ಟಿಯೇ ಹೋಗುತ್ತದೆ. ಸೆಳೆತ ಬುಟ್ಟಿಯ ಓಟದಲ್ಲಿ ಕರಗಿ, ಮೀನು ತಾನಾಗಿಯೇ ದಣಿಯುತ್ತದೆ. ಗಾಳ ಎಳೆಯುವ ದಿಕ್ಕಿನಲ್ಲಿಯೂ ವ್ಯತ್ಯಾಸವಿದೆ. ದಡದವನು ಆಳದಿಂದ ಮೇಲಕ್ಕೆ ಇಳಿಜಾರನ್ನು ಉಜ್ಜುತ್ತ ಗಾಳವನ್ನು ಎಳೆಯುತ್ತಾನೆ, ಅದು ಕಲ್ಲಿಗೋ ಜಾಲಿಯ ಮುಳ್ಳಿಗೋ ಸಿಕ್ಕಿಕೊಳ್ಳುತ್ತದೆ. ಹರಿಗೋಲಿನವನು ಅಂಚಿನ ಕಡೆ ಎಸೆದು ಆಳದ ಕಡೆ ಎಳೆಯುವುದರಿಂದ ಗಾಳ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಹರಿಗೋಲನ್ನು ಒಬ್ಬರೇ ಏರಬೇಡಿ ಎನ್ನುತ್ತೇನೆ. ಒಮ್ಮೆ ಮೇ ತಿಂಗಳಲ್ಲಿ, ಕೃತ್ತಿಕಾ ಮಳೆಯ ದಿನಗಳಲ್ಲಿ, ಹಿನ್ನೀರಿನ ಒಬ್ಬ ಹಿರಿಯ ಮೀನುಗಾರರೊಂದಿಗೆ ಹೋಗಿದ್ದೆ. ಮಧ್ಯಾಹ್ನದವರೆಗೆ ಎಲೆ ಅಲುಗದಷ್ಟು ಗಾಳಿ ನಿಂತಿತ್ತು. ಪಡುವಣದಲ್ಲಿ ಕರಿಮೋಡ ಕಂಡದ್ದೇ ತಡ ಅವರು ಬಲೆ ನೋಡುವುದನ್ನು ಬಿಟ್ಟು ಹುಟ್ಟು ಹಿಡಿದರು. ನಾನು ನಾವು ಹೊರಟಿದ್ದ ದಂಡೆಯನ್ನು ತೋರಿಸಿ, “ಕಾಕಾ, ನಮ್ಮ ಊರು ಈ ಕಡೆ ಅಲ್ಲವೇ?” ಎಂದೆ. “ಊರ ಚಿಂತಿ ಬಿಡು ತಮ್ಮಾ, ಗಾಳಿ ಎತ್ತಾಗ ಒಯ್ಯತೈತಿ ಅತ್ತಾಗ ಹೋಗೂಣು, ನೀ ಸುಮ್ನ ಕೆಳಗ ಕುಂಡ್ರು” ಎಂದರು. ಬಿರುಗಾಳಿ ಬಂದಾಗ ತೆರೆಗಳು ಬುಟ್ಟಿಯ ಅಂಚನ್ನು ದಾಟಿ ಒಳಗೆ ಬೀಳುತ್ತಿದ್ದವು, ನಾನು ಡಬ್ಬಿಯಿಂದ ನೀರು ಹೊರಗೆ ಚೆಲ್ಲುತ್ತಿದ್ದೆ. ಅವರು ಗಾಳಿಗೆ ಎದುರಾಗದೆ, ಬುಟ್ಟಿ ಓರೆಯಾಗದಂತೆ ಮಾತ್ರ ಹುಟ್ಟು ಹಾಕುತ್ತ, ಎರಡು ತಾಸಿನ ನಂತರ ಎಂದೂ ನೋಡಿರದ ಒಂದು ದಂಡೆಗೆ ನಮ್ಮನ್ನು ಮುಟ್ಟಿಸಿದರು. ಉದ್ದನೆಯ ದೋಣಿಯ ತಳದಲ್ಲಿರುವಂಥ ಅಡಿಗಟ್ಟು ಹರಿಗೋಲಿಗಿಲ್ಲ, ಅದು ಗಾಳಿಯನ್ನು ಸೀಳಲಾರದು. ಹರಿಗೋಲಿನ ಕಾಲವೂ ಅಡ್ಡಮಳೆಯ ಬಿರುಗಾಳಿಯ ಕಾಲವೂ ಒಂದೇ ಆಗಿರುವುದು ನಮ್ಮ ಭಾಗದ ನಿಜವಾದ ಕಷ್ಟ. ಅಂದಿನಿಂದ ಜೀವರಕ್ಷಕ ಅಂಗಿಯಿಲ್ಲದೆಯಾಗಲಿ, ಮಧ್ಯಾಹ್ನದ ಮೇಲಾಗಲಿ ನಾನು ಹರಿಗೋಲು ಏರಿಲ್ಲ.

ದಡವೂ ನಿರಪಾಯವಲ್ಲ. ಆಣೆಕಟ್ಟಿನ ಕೆಳಗಿನ ಬಂಡೆಗಳ ಮೇಲೆ ಕುಳಿತವರಿಗೆ ಗೇಟು ತೆರೆದಾಗ ಏರುವ ನೀರು ಓಡಲು ಸಮಯ ಕೊಡುವುದಿಲ್ಲ. ಅಲ್ಲಿಂದ ಕಂಪ್ಲಿ ಸೇತುವೆಯವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಗಿದೆ. ಆ ಮೀನು ಅವುಗಳ ಪಾಲು, ಅಲ್ಲಿ ನಾನು ಗಾಳ ಹಾಕುವುದಿಲ್ಲ. ರಾಯಚೂರಿನ ಕಡೆ ಕೃಷ್ಣೆಯ ದಂಡೆಯಲ್ಲಿ ಕೂರುವವರು ಮೊಸಳೆಯನ್ನು ಮರೆಯಬಾರದು.

ಹವ್ಯಾಸಿಗಳಾದ ನಾವು ದಡದಲ್ಲಿಯೇ ಇರುವುದು ಒಳ್ಳೆಯದೆಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಹರಿಗೋಲು ಒಂದು ಕುಟುಂಬದ ಹೊಟ್ಟೆಪಾಡಿನ ಸಾಧನ. ಸಂಜೆ ನೈಲಾನ್ ಬಲೆಯನ್ನು ಗೋಡೆಯಂತೆ ಇಳಿಬಿಟ್ಟು, ನಸುಕಿನಲ್ಲಿ ಹೋಗಿ ಎತ್ತುವವರ ಬದುಕು ಅದರ ಮೇಲಿದೆ. ಬಾಡಿಗೆಯ ಹರಿಗೋಲಿನಲ್ಲಿ ಮೋಜಿಗೆ ಹೋದವರ ಗಾಳ ಆ ಬಲೆಗೆ ಸಿಕ್ಕಿ, ಬಿಡಿಸಲಾರದೆ ಬಲೆಯನ್ನೇ ಕೊಯ್ದು ಬಂದದ್ದನ್ನು ನಾನು ಕಂಡಿದ್ದೇನೆ; ಅದನ್ನು ಹೆಣೆದು ಸರಿಪಡಿಸಲು ಆ ಮನೆಯವರಿಗೆ ಎರಡು ದಿನ ಬೇಕಾಯಿತು. ಹೋಗಲೇಬೇಕಿದ್ದರೆ ಅವರನ್ನೇ ಕೇಳಿ, ಅವರೊಂದಿಗೆ, ಅವರ ದಿನದ ಕೂಲಿ ಕೊಟ್ಟು ಹೋಗಬೇಕು. ಹಾಗೆಂದು ದಡದಿಂದ ಹಿಡಿಯುವುದೆಲ್ಲ ಸಾಧುವೆಂದೂ ಅಲ್ಲ. ಸಣ್ಣ ಕಣ್ಣಿನ, ಬಹು ಉದ್ದದ ಅಲಿವಿ ಬಲೆಯನ್ನು ನೀರಿನಲ್ಲಿ ಸುತ್ತುವರಿಸಿ, ಹಲವರು ಸೇರಿ ದಂಡೆಗೆ ಎಳೆಯುವ ಪದ್ಧತಿ ಈ ಜಲಾಶಯದಲ್ಲಿ ಬಹುಕಾಲದಿಂದ ಇದೆ. ಅದರಲ್ಲಿ ಬೆರಳುದ್ದದ ಮರಿಗಳೂ ಬರುತ್ತವೆ, ಎರಡು ವರ್ಷ ಬಿಟ್ಟರೆ ಕಿಲೋಗಟ್ಟಲೆ ತೂಗಬೇಕಾದವು. ಮರಿಯನ್ನು ನೀರಿಗೆ ಬಿಡಲು ಹಣ ಖರ್ಚು ಮಾಡಿ, ಅದೇ ಮರಿಯನ್ನು ಒಣಗಿಸಿ ಮಾರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯುವುದು ಕಷ್ಟವಲ್ಲ. ನಮ್ಮ ದಿನಪತ್ರಿಕೆಗಳು ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳನ್ನು ಅಚ್ಚು ಹಾಕುತ್ತವೆ. ಒಳಹರಿವು ಹೊರಹರಿವಿಗಿಂತ ಮೂರು ನಾಲ್ಕು ದಿನ ಸತತವಾಗಿ ಹೆಚ್ಚಿದ್ದರೆ ನಾನು ದಡಕ್ಕೆ ಹೊರಡುತ್ತೇನೆ. ತಿಂಗಳನ್ನು ನೋಡಿದರೆ ಸಾಲದು, ಈ ಅಂಕಿಗಳನ್ನೇ ನೋಡಬೇಕೆಂಬುದು ನನಗೆ ಮನದಟ್ಟಾದದ್ದು 2024ರಲ್ಲಿ. ಆ ವರ್ಷ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಗಿ, ತುಂಬಿದ ಜಲಾಶಯ ತುಂಬಬೇಕಾದ ಕಾಲದಲ್ಲಿಯೇ ಇಳಿಯತೊಡಗಿತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸುವವರೆಗೆ ನಾನು ಕಂಡ ದಂಡೆಯಲ್ಲಿ ಒದ್ದೆ ಹುಲ್ಲು ಮಾತ್ರ ಉಳಿದಿತ್ತು, ಒಂದು ಗೆಂಡೆಯೂ ಅಂಚಿಗೆ ಬಂದಿರಲಿಲ್ಲ. ನೀರು ಮತ್ತೆ ಏರಿದ ಮೇಲೆ ಅವು ಅದೇ ಹುಲ್ಲಿಗೆ ಮರಳಿದವು.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಮೊನ್ನೆ ಇದೇ ಪ್ರಶ್ನೆ ಕೇಳಿದ. ಒಳಹರಿವು ನಾಲ್ಕು ದಿನದಿಂದ ಹೆಚ್ಚುತ್ತಿದೆ, ಹರಿಗೋಲು ಬೇಡ, ಬರುವಾಗ ಎರಡು ಸೇರು ತೌಡು ತಂದರೆ ಸಾಕು ಎಂದು ಹೇಳಿದ್ದೇನೆ.