ಭಯ ಹೋಗಲಿಲ್ಲ, ಕೈ ನಿಂತಿತು

ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದ ಮೇಲೆ, ದಿನಾ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನರ್ಸ್ ಎರಡು ಸಲ ತೋರಿಸಿಕೊಟ್ಟಿದ್ದರು. ನೋಡುವಾಗ ಸುಲಭ ಅನಿಸಿತ್ತು. ಮನೆಯಲ್ಲಿ ಗ್ಲೌಸ್ ಹಾಕಿಕೊಂಡು ಟೇಪಿನ ಅಂಚು ಹಿಡಿದೆ ನೋಡಿ, ಬೆರಳು ನಡುಗೋಕೆ ಶುರುವಾಯಿತು. ರಕ್ತ ಕಂಡರೆ ನನಗೆ ತಲೆ ಸುತ್ತುತ್ತದೆ.

ಹಿಂದಿನ ರಾತ್ರಿ ಬಹಳ ಹೊತ್ತು ಪ್ರಾರ್ಥನೆ ಮಾಡಿದ್ದೆ. ಕರ್ತನೇ, ಈ ಭಯ ತೆಗೆದುಬಿಡು ಅಂತ. ಅದು ಹೋಗಿರಲಿಲ್ಲ. ನನ್ನ ನಂಬಿಕೆಯಲ್ಲೇ ಏನೋ ಕೊರತೆ ಇದೆಯೇನೋ ಅನ್ನುವ ಸಂಕಟ ಬೇರೆ.

ಆ ದಿನಗಳಲ್ಲಿ ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ನೆಹೆಮೀಯನ ಪುಸ್ತಕ ಓದುತ್ತಿದ್ದೆ. ಅವನು ಪರ್ಷಿಯಾದ ರಾಜ ಅರ್ತಷಸ್ತನಿಗೆ ದ್ರಾಕ್ಷಾರಸ ಬಡಿಸುತ್ತಿದ್ದವನು. ತನ್ನ ಪಿತೃಗಳ ಊರಾದ ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ ಅಂತ ಕೇಳಿ ಅತ್ತು, ಉಪವಾಸ ಮಾಡಿ, ತಿಂಗಳುಗಟ್ಟಲೆ ಕಾದಿದ್ದ. ಒಂದು ದಿನ ರಾಜನೇ, ಯಾಕೆ ಮುಖ ಬಾಡಿದೆ ಅಂತ ಕೇಳಿದಾಗ ತನಗೆ ಬಹಳ ಭಯವಾಯಿತು ಅಂತ ಅವನೇ ಬರೆದಿದ್ದಾನೆ. ಅಷ್ಟೊಂದು ಪ್ರಾರ್ಥನೆ ಮಾಡಿದ ಮೇಲೂ! ನಿನಗೇನು ಬೇಕು ಅಂತ ರಾಜ ಮತ್ತೆ ಕೇಳುತ್ತಾನೆ. ಆಗ ಅವನು ಪರಲೋಕದ ದೇವರಿಗೆ ಪ್ರಾರ್ಥಿಸಿ, ಆಮೇಲೆ ಉತ್ತರ ಕೊಡುತ್ತಾನೆ, ಆ ಊರನ್ನು ತಿರುಗಿ ಕಟ್ಟೋಕೆ ನನ್ನನ್ನು ಕಳಿಸಿ ಅಂತ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಸಿಕ್ಕಿರಬಹುದು? ಒಂದು ಉಸಿರು, ಅಷ್ಟೇ ಅಲ್ವಾ.

ಮುಂದೆ 3ನೇ ಅಧ್ಯಾಯದಲ್ಲಿ ಗೋಡೆ ಕಟ್ಟಿದವರ ದೊಡ್ಡ ಪಟ್ಟಿ ಇದೆ. ಜಾಸ್ತಿ ಜನ ಅದನ್ನು ದಾಟಿಕೊಂಡು ಹೋಗುತ್ತಾರೆ, ನಾನೂ ಹೋಗುತ್ತಿದ್ದೆ. ಈ ಸಲ ನಿಧಾನವಾಗಿ ಓದಿದೆ. ಅಲ್ಲಿ ಅಕ್ಕಸಾಲಿಗರಿದ್ದಾರೆ, ಸುಗಂಧ ಮಾಡುವವರಿದ್ದಾರೆ, ಶಲ್ಲೂಮ ಅನ್ನುವವನ ಹೆಣ್ಣುಮಕ್ಕಳಿದ್ದಾರೆ. ಕಲ್ಲಿನ ಕೆಲಸ ಇವರ ಕಸುಬಲ್ಲ. ಎಷ್ಟೋ ಜನ ತಮ್ಮ ಮನೆ ಎದುರಿನ ಭಾಗವನ್ನೇ ಕಟ್ಟಿದರು, ಇಡೀ ಗೋಡೆ 52 ದಿನದಲ್ಲಿ ಮುಗಿಯಿತು. ನನ್ನ ಮನೆ ಎದುರಿನ ಗೋಡೆ ಅಂದರೆ ಅಮ್ಮನ ಗಾಯ, ಇನ್ನೇನು.

ನನ್ನನ್ನು ಹಿಡಿದು ನಿಲ್ಲಿಸಿದ್ದು 6ನೇ ಅಧ್ಯಾಯ. ಇವರು ಹೆದರಲಿ, ಕೈ ಸೋತು ಕೆಲಸ ನಿಲ್ಲಲಿ ಅಂತ ವಿರೋಧಿಗಳು ಕಾಯುತ್ತಿದ್ದಾಗ ನೆಹೆಮೀಯ ಬೇಡಿಕೊಂಡದ್ದು, ಈಗ ನನ್ನ ಕೈಗಳನ್ನು ಬಲಪಡಿಸು ಅಂತ. ಕೈಗೆ ಬಲ ಕೇಳಿದ.

ಹೆದರಿದವರಿಗೆ "ನಂಬಿಕೆ ಇದ್ದರೆ ಭಯ ಯಾಕೆ" ಅಂತ ಹೇಳುವವರು ದಯವಿಟ್ಟು ಸುಮ್ನೆ ಇರಬೇಕು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿಯೇ ಎಷ್ಟು ಕಳವಳಪಟ್ಟರು!

ಮರುದಿನ ನನ್ನ ಪ್ರಾರ್ಥನೆ ಚಿಕ್ಕದಾಯಿತು. ಕರ್ತನೇ, ಈ ಕೈ. ಅಂಟಿಕೊಂಡ ಬಟ್ಟೆಗೆ ಸಲೈನ್ ಹಾಕಿ, ಅದು ನೆನೆಯುವ ತನಕ ಕಾದು, ಒಂದು ಮೂಲೆಯಿಂದ ಮೆಲ್ಲಗೆ ಎತ್ತಿದೆ. ಎದೆ ಡವಡವ ಅನ್ನುತ್ತಿತ್ತು, ಬೆರಳು ಮಾತ್ರ ನಡುಗದೆ ನಿಂತಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ತುಟಿ ಅಲುಗುತ್ತಿತ್ತು. ನೋವಾಗ್ತಿದೆಯಾ ಅಂತ ಕೇಳಿದೆ. "ಇಲ್ಲ, ನಿನಗೋಸ್ಕರ ಪ್ರಾರ್ಥನೆ ಮಾಡ್ತಿದ್ದೀನಿ, ನೀನು ಮಾಡು" ಅಂದಳು.

17 ದಿನ ಮಾಡಿದೆ. ಕೊನೆಯ ದಿನವೂ ಟೇಪ್ ಎಳೆಯುವ ಮೊದಲು ಒಂದು ಕ್ಷಣ ನಿಂತೆ, ಅದೇ ಎರಡು ಮಾತು ಹೇಳಿದೆ. ಗಾಯ ಒಣಗಿತ್ತು.